ಹಗುರ ಚಕ್ರ ಹಾಕಿಸಲೇ? ಮೊದಲು ತಕ್ಕಡಿ ತನ್ನಿ

ಪ್ರಶ್ನೆ: 25 ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕ್ ಕಾರೊಂದನ್ನು ಎರಡು ವರ್ಷದಿಂದ ನಾನೇ ಬಿಚ್ಚಿ ಕಟ್ಟುತ್ತಿದ್ದೇನೆ. ಎಂಜಿನ್ ಕೆಲಸ ಮುಗಿದಿದೆ. ಕಾರಿನಲ್ಲಿ ಈಗ ಇರುವುದು 14 ಇಂಚಿನ ಸ್ಟೀಲ್ ರಿಮ್, 175/65 ಟೈರ್. ಇದನ್ನು ತೆಗೆದು 15 ಇಂಚಿನ ಫೋರ್ಜ್ಡ್ ಅಲಾಯ್ (ಪ್ರೆಸ್ಸಿನಲ್ಲಿ ಒತ್ತಿ ಮಾಡಿದ ಅಲ್ಯೂಮಿನಿಯಂ ರಿಮ್), 195/50 ಟೈರ್ ಹಾಕುವ ಆಸೆ. ಸ್ಟೀಲ್ ರಿಮ್ 7.2 ಕೆ.ಜಿ. ಇದೆ, ಹೊಸದು 4.8 ಕೆ.ಜಿ. ಅಂತೆ. ಚಕ್ರದಲ್ಲಿ ಒಂದು ಕೆ.ಜಿ. ಇಳಿದರೆ ಬಾಡಿಯಲ್ಲಿ ನಾಲ್ಕು ಕೆ.ಜಿ. ಇಳಿದ ಹಾಗೆ ಎಂದು ಗೆಳೆಯ ಹೇಳುತ್ತಾನೆ. ಆ ಲೆಕ್ಕದಲ್ಲಿ 38 ಕೆ.ಜಿ. ಇಳಿಸಿದಂತಾಯಿತು! ಇದು ನಿಜವೇ? ಈ ವರ್ಷ ಕಾರಿಗೆಂದು ಎತ್ತಿಟ್ಟ ಹಣವೆಲ್ಲ ಇದಕ್ಕೇ ಹೋಗುತ್ತದೆ. ಹಾಕಿಸಲೇ, ಬೇಡವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ವರ್ಷ ಒಂದೇ ಕಾರಿನ ಅಡಿಯಲ್ಲಿ ಮಲಗಿ ಕೆಲಸ ಮಾಡಿದವರಿಗೆ ಅವಸರದ ಉತ್ತರ ಕೊಡಬಾರದು. ಹಾಗಾಗಿ ಈ ಸಲ ಅಂಕಣದ ಹೆಚ್ಚು ಜಾಗ ನಿಮಗೇ.

ಮೊದಲು ಆ ‘ಒಂದಕ್ಕೆ ನಾಲ್ಕು’ ಲೆಕ್ಕ ನೋಡೋಣ. ಕೆಲವರು ಒಂದಕ್ಕೆ ಹತ್ತು ಎಂದೂ ಹೇಳುತ್ತಾರೆ. ವೇಗ ಏರುವ ಮಟ್ಟಿಗೆ ಎರಡೂ ಸುಳ್ಳು. ಕಾರು ಓಡುವಾಗ ಚಕ್ರ ಎರಡು ಕೆಲಸ ಮಾಡುತ್ತದೆ. ಕಾರಿನ ಜೊತೆ ಮುಂದೆ ಸಾಗುತ್ತದೆ, ಜೊತೆಗೆ ತಾನೂ ತಿರುಗುತ್ತದೆ. ಎರಡಕ್ಕೂ ಎಂಜಿನ್ನೇ ಶಕ್ತಿ ಕೊಡಬೇಕು. ರಸ್ತೆ ಮುಟ್ಟುವ ಟೈರಿನ ಹೊರಮೈಯಲ್ಲಿರುವ ಒಂದು ಕೆ.ಜಿ.ಗೆ ಈ ಎರಡೂ ಶಕ್ತಿ ಸಮಸಮ. ಆದ್ದರಿಂದ ಅದು ಎರಡು ಕೆ.ಜಿ.ಗೆ ಸಮ. ಹಬ್ಬಿನ, ಅಂದರೆ ಚಕ್ರ ಕೂರುವ ನಡುಭಾಗದ, ಹತ್ತಿರ ಇರುವ ಒಂದು ಕೆ.ಜಿ. ಹೆಚ್ಚು ಕಡಿಮೆ ಒಂದೇ ಕೆ.ಜಿ.ಯಾಗಿ ಉಳಿಯುತ್ತದೆ. ರಿಮ್ಮಿನ ತೂಕ ಇವೆರಡರ ನಡುವೆ ಹರಡಿರುತ್ತದೆ. ನಿಮ್ಮ ಅಳತೆಯ ಚಕ್ರಕ್ಕೆ ಲೆಕ್ಕ ಹಾಕಿದರೆ ರಿಮ್ಮಿನ ಒಂದು ಕೆ.ಜಿ. ಸುಮಾರು 1.4 ಕೆ.ಜಿ.ಗೆ ಸಮ. ಎರಡನ್ನು ದಾಟುವುದಕ್ಕೆ ದಾರಿಯೇ ಇಲ್ಲ.

ನಾಲ್ಕು ರಿಮ್ಮಿನಲ್ಲಿ ನೀವು ಇಳಿಸುವುದು 9.6 ಕೆ.ಜಿ. ಅದನ್ನು 1.4ರಿಂದ ಗುಣಿಸಿದರೆ ಸುಮಾರು 13 ಕೆ.ಜಿ. ನೀವು ಕೂತಾಗ ಕಾರು 1000 ಕೆ.ಜಿ. ತೂಗುತ್ತದೆ ಎಂದುಕೊಳ್ಳಿ. ಆಗ ಇದು ನೂರಕ್ಕೆ 1.3 ಭಾಗ. ನೂರರ ವೇಗ ಮುಟ್ಟಲು ನಿಮ್ಮ ಕಾರು 12 ಸೆಕೆಂಡ್ ತೆಗೆದುಕೊಂಡರೆ, ಉಳಿಯುವುದು ಒಂದು ಸೆಕೆಂಡಿನ ಆರನೇ ಒಂದು ಭಾಗ. ಗೇರ್ ಹಾಕುವ ಕೈ ಸ್ವಲ್ಪ ತಡವರಿಸಿದರೆ ಅದೂ ಹೋಯಿತು.

ಇನ್ನೊಂದು ವಿಷಯ ಯಾರೂ ನಿಮಗೆ ಹೇಳಿದಂತಿಲ್ಲ. ಪತ್ರದಲ್ಲಿ ರಿಮ್ಮಿನ ತೂಕ ಬರೆದಿದ್ದೀರಿ, ಟೈರಿನ ತೂಕ ಬರೆದಿಲ್ಲ. ನನ್ನ ಶೆಡ್ಡಿನಲ್ಲಿ ಒಂದು ತೂಗುವ ಕೊಕ್ಕೆ ಇದೆ, ಪ್ರಯಾಣದ ಪೆಟ್ಟಿಗೆ ತೂಗುವಂಥದ್ದು. ಕೈಗೆ ಸಿಕ್ಕ ರಿಮ್ಮು, ಟೈರು, ಡಿಸ್ಕು ಎಲ್ಲವನ್ನೂ ಅದಕ್ಕೆ ನೇತುಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಆ ಪುಸ್ತಕದಲ್ಲಿ 175/65 ಆರ್14 (175 ಮಿ.ಮೀ. ಅಗಲ, ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65, ರಿಮ್ 14 ಇಂಚು) ಟೈರೊಂದು 7 ಕೆ.ಜಿ. ಇದೆ. 195/50 ಆರ್15 ಟೈರೊಂದು 8.2 ಕೆ.ಜಿ. ಇದೆ. ಅಂದರೆ ಒಂದೊಂದು ಟೈರಿಗೆ 1.2 ಕೆ.ಜಿ. ಜಾಸ್ತಿ, ನಾಲ್ಕಕ್ಕೆ 4.8 ಕೆ.ಜಿ. ಟೈರಿನ ತೂಕ ಇರುವುದು ಅಂಚಿನಲ್ಲಿ. ಅದಕ್ಕೆ 1.4 ಸಾಲದು, ಸುಮಾರು 1.8ರಿಂದ ಗುಣಿಸಬೇಕು. ಎಂಟೂವರೆ ಕೆ.ಜಿ. ಆಯಿತು. ಒಂದು ಕೈಯಲ್ಲಿ 13 ಕೆ.ಜಿ. ಉಳಿಸಿದಿರಿ, ಇನ್ನೊಂದು ಕೈಯಲ್ಲಿ ಎಂಟೂವರೆ ವಾಪಸ್ ಕೊಟ್ಟಿರಿ. ಉಳಿದದ್ದು ಐದಕ್ಕಿಂತ ಕಡಿಮೆ. 15 ಇಂಚಿನ ರಿಮ್ಮಿನ ಅಂಚು ಸ್ವಲ್ಪ ಹೊರಗೆ ಸರಿದಿರುತ್ತದೆ, ಅದನ್ನೂ ಹಿಡಿದರೆ ಇನ್ನೂ ಕಡಿಮೆ. ಎತ್ತಿಟ್ಟ ಹಣವನ್ನೆಲ್ಲ ಇಷ್ಟಕ್ಕೆ ಕೊಡುತ್ತೀರಾ?

ಹೊಸ ಜೋಡಿ ಹಾಕಿದ ಮೇಲೆ ಕಾರು ಚುರುಕಾಯಿತು ಎಂದು ನಿಮಗೆ ಅನ್ನಿಸಲೂಬಹುದು. ಅದಕ್ಕೂ ಕಾರಣ ಇದೆ. 175/65 ಆರ್14 ಟೈರಿನ ವ್ಯಾಸ 583 ಮಿ.ಮೀ., 195/50 ಆರ್15 ಟೈರಿನದು 576 ಮಿ.ಮೀ. ವ್ಯಾಸ ನೂರಕ್ಕೆ 1.2ರಷ್ಟು ಚಿಕ್ಕದಾದರೆ ಗೇರಿಂಗ್ ಅಷ್ಟೇ ಕೆಳಗಿಳಿಯುತ್ತದೆ, ರಸ್ತೆಯ ಮೇಲೆ ತಳ್ಳುವ ಬಲ ಅಷ್ಟೇ ಏರುತ್ತದೆ. ಹಗುರ ರಿಮ್ಮಿಗೆ ಸಿಗುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಹೀಗೆ ಟೈರಿನ ವ್ಯಾಸಕ್ಕೆ ಸಲ್ಲಬೇಕಾದದ್ದು. ಸ್ಪೀಡೋಮೀಟರ್ ಕೂಡ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಆ ಸಂಭ್ರಮಕ್ಕೆ ಅದೂ ಸೇರಿಕೊಳ್ಳುತ್ತದೆ.

ಹಾಗಾದರೆ ಹಗುರ ಚಕ್ರ ದಂಡವೇ? ಖಂಡಿತ ಅಲ್ಲ. ನನಗೆ ಅವುಗಳ ಮೇಲೆ ಬಹಳ ಪ್ರೀತಿ. ಅವು ಕೊಡುವ ಸುಖ ಬೇರೆ ಕಡೆ ಇದೆ.

ಸ್ಪ್ರಿಂಗಿನ ಮೇಲೆ ಕೂತಿರುವ ತೂಕ ಒಂದು, ಸ್ಪ್ರಿಂಗಿನ ಕೆಳಗೆ ರಸ್ತೆಯ ಜೊತೆ ಕುಣಿಯುವ ತೂಕ ಇನ್ನೊಂದು. ರಿಮ್, ಟೈರ್, ಬ್ರೇಕ್ ಡಿಸ್ಕ್, ಅದನ್ನು ಹಿಡಿಯುವ ಕ್ಯಾಲಿಪರ್, ಹಬ್, ಜೊತೆಗೆ ಚಕ್ರವನ್ನು ಕಾರಿಗೆ ಸೇರಿಸುವ ಸಸ್ಪೆನ್ಷನ್ ತೋಳುಗಳ ಅರ್ಧ ತೂಕ ಎಲ್ಲ ಸೇರಿದರೆ ನಿಮ್ಮಂಥ ಕಾರಿನ ಮುಂದಿನ ಒಂದು ಮೂಲೆಯಲ್ಲಿ 35 ಕೆ.ಜಿ. ಆಸುಪಾಸು ಆಗುತ್ತದೆ. ಅದರಲ್ಲಿ ಎರಡೂವರೆ ಕೆ.ಜಿ. ಇಳಿದರೆ ನೂರಕ್ಕೆ ಏಳು ಭಾಗ ಇಳಿಯಿತು. ವೇಗದ ಲೆಕ್ಕದಲ್ಲಿ 1.3 ಇದ್ದದ್ದು ಇಲ್ಲಿ ಏಳಾಯಿತು ನೋಡಿ. ಚಕ್ರ ಉಬ್ಬು ಹತ್ತಿ ಮೇಲೆದ್ದಾಗ ಅದನ್ನು ಮತ್ತೆ ರಸ್ತೆಗೆ ಒತ್ತುವುದು ಸ್ಪ್ರಿಂಗಿನ ಕೆಲಸ. ಚಕ್ರ ಹಗುರವಿದ್ದಷ್ಟು ಬೇಗ ಕೆಳಗೆ ಬರುತ್ತದೆ, ರಸ್ತೆಯನ್ನು ಬಿಟ್ಟಿರುವ ಹೊತ್ತು ಕಡಿಮೆಯಾಗುತ್ತದೆ. ಹಿಡಿತ ಅಂದರೆ ಅದೇ ಅಲ್ವಾ?

ನನ್ನ ಪ್ರಾಜೆಕ್ಟ್ ಕಾರಿನಲ್ಲಿ ಇದನ್ನು ನಾನೇ ನೋಡಿದ್ದೇನೆ. 8.1 ಕೆ.ಜಿ.ಯ ಕಾಸ್ಟ್ ಅಲಾಯ್ ತೆಗೆದು 5.2 ಕೆ.ಜಿ.ಯ ಫೋರ್ಜ್ಡ್ ಹಾಕಿದೆ. ಎರಡೂ 15 ಇಂಚು. ಅದೇ ಟೈರುಗಳನ್ನು ಬಿಚ್ಚಿ ಹೊಸ ರಿಮ್ಮಿಗೆ ಏರಿಸಿದೆ. ಅದೇ ಗಾಳಿ, ಅದೇ ತೇಪೆ ಹಾಕಿದ ರಸ್ತೆ. ನಿಂತಲ್ಲಿಂದ ಆರು ಸಲ ಓಡಿಸಿ ಟೈಮ್ ನೋಡಿದೆ. ಚಕ್ರ ಬದಲಾಯಿಸಿದ್ದರಿಂದ ಬಂದ ವ್ಯತ್ಯಾಸಕ್ಕಿಂತ ಒಂದು ಓಟಕ್ಕೂ ಇನ್ನೊಂದು ಓಟಕ್ಕೂ ಇದ್ದ ವ್ಯತ್ಯಾಸವೇ ಜಾಸ್ತಿ. ಆದರೆ ತೇಪೆಯ ಅಂಚು ದಾಟುವಾಗ ‘ಧಡ್’ ಎನ್ನುತ್ತಿದ್ದ ಸದ್ದು ‘ತಪ್’ ಎಂದಿತು. ಸ್ಟೀರಿಂಗ್ ಕೈಗೆ ಒದೆಯುವುದು ಕಡಿಮೆಯಾಯಿತು. ಆ ರಸ್ತೆಯಲ್ಲಿ ಅಲೆಅಲೆಯಾದ ಒಂದು ತಿರುವಿದೆ. ಅಲ್ಲಿ ಹಿಂಭಾಗ ಪ್ರತಿ ಸಲ ಒಂದು ಗೇಣು ಹೊರಕ್ಕೆ ಹಾರುತ್ತಿತ್ತು. ಅಂದು ಹಾರಲಿಲ್ಲ. ಮೂರು ಸಲ ಹೋಗಿ ಬಂದೆ, ಹಾರಲಿಲ್ಲ. ಆ ಸಂಜೆಯ ಖುಷಿ ಇನ್ನೂ ಕೈಯಲ್ಲಿದೆ.

ಇದರ ಜೊತೆ ಒಂದು ಷರತ್ತೂ ಇದೆ. ನನ್ನ ಕಾರಿನ ಶಾಕ್ ಅಬ್ಸಾರ್ಬರ್ ಆಗ ಹೊಸದು, ಬುಷ್‌ಗಳೂ (ಕೀಲುಗಳಲ್ಲಿರುವ ರಬ್ಬರ್) ಹೊಸವು. ಚಕ್ರ ತನ್ನ ಪಾಡಿಗೆ ಸೆಕೆಂಡಿಗೆ 10ರಿಂದ 15 ಸಲ ಕುಣಿಯಲು ನೋಡುತ್ತದೆ. ಆ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದು ಸತ್ತಿದ್ದರೆ ರಿಮ್ ಎಷ್ಟೇ ಹಗುರವಿದ್ದರೂ ಚಕ್ರ ಕುಣಿಯುತ್ತಲೇ ಇರುತ್ತದೆ. ನಿಮ್ಮ ಪತ್ರದಲ್ಲಿ ಎಂಜಿನ್ ಮುಗಿಯಿತು ಎಂದಿದೆ. ಶಾಕ್, ಬುಷ್, ವೀಲ್ ಬೇರಿಂಗ್, ಬ್ರೇಕ್ ಪೈಪುಗಳ ಮಾತೇ ಇಲ್ಲ. ಅವು 25 ವರ್ಷದ ಹಳೆಯವೇ ಆಗಿದ್ದರೆ ಎತ್ತಿಟ್ಟ ಹಣ ಮೊದಲು ಅಲ್ಲಿಗೆ ಹೋಗಲಿ. ಆಮೇಲೆ ಒಳ್ಳೆಯ ಟೈರಿಗೆ. ತುರ್ತಿನಲ್ಲಿ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ಟೈರಿನ ರಬ್ಬರು ಹೇಳುತ್ತದೆ, ರಿಮ್ಮಿನ ತೂಕ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ರಿಮ್ ಕೊನೆಗೆ ಬರಲಿ ಎನ್ನಲು ಇನ್ನೊಂದು ಕಾರಣ ಬ್ರೇಕು. ನಾನು ರಿಮ್ ಮೊದಲು ಕೊಂಡೆ, ದೊಡ್ಡ ಡಿಸ್ಕ್ ಆಮೇಲೆ ಹಾಕಿದೆ. ಕ್ಯಾಲಿಪರ್‌ನ ಬೆನ್ನು ರಿಮ್ಮಿನ ಕಡ್ಡಿಗೆ ತಾಗಿತು. ಎರಡು ಮಿ.ಮೀ. ಅಷ್ಟೇ! ಆ ಎರಡು ಮಿ.ಮೀ.ಗಾಗಿ ನಾಲ್ಕು ತಿಂಗಳು ಕಾರು ಕಟ್ಟೆಯ ಮೇಲೆ ನಿಂತಿತ್ತು. ಹಬ್ಬಿಗೂ ರಿಮ್ಮಿಗೂ ನಡುವೆ 5 ಮಿ.ಮೀ. ಬಿಲ್ಲೆ ಕೊಡಬಹುದು, ನಿಜ. ಆಗ ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕೆ ಇರುವ ದೂರ) 5 ಮಿ.ಮೀ. ಬದಲಾಗುತ್ತದೆ, ನಟ್ಟು ಹಿಡಿಯುವ ಸುತ್ತೂ ಕಡಿಮೆಯಾಗುತ್ತದೆ. 12 ಮಿ.ಮೀ. ದಪ್ಪದ, 1.5 ಮಿ.ಮೀ. ಪಿಚ್‌ನ (ಸುತ್ತಿನಿಂದ ಸುತ್ತಿಗೆ ಇರುವ ದೂರ) ಸ್ಟಡ್ಡಿಗೆ ನಟ್ಟು ಕನಿಷ್ಠ ಎಂಟು ಪೂರ್ತಿ ಸುತ್ತು ಕೂರಬೇಕು. ನೀವು ಬ್ರೇಕ್ ದೊಡ್ಡದು ಮಾಡುವುದಾದರೆ ಅದನ್ನು ಮೊದಲು ಮುಗಿಸಿ. ಕ್ಯಾಲಿಪರ್‌ನ ಆಕಾರವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಳ್ಳಿ. ರಿಮ್ ನೋಡಲು ಹೋಗುವಾಗ ಆ ರಟ್ಟು ಜೊತೆಗಿರಲಿ.

ಬ್ರೇಕ್ ಈಗಿನದೇ ಸಾಕು ಎಂದಾದರೆ ನನ್ನ ಆಯ್ಕೆ 14 ಇಂಚಿನಲ್ಲೇ ಉಳಿಯುವುದು. ಈಗಿನ ಟೈರಿನ ಗೋಡೆ 114 ಮಿ.ಮೀ. ಎತ್ತರ ಇದೆ, ನೀವು ಯೋಚಿಸಿದ್ದು 97.5 ಮಿ.ಮೀ. ಹೊಂಡಕ್ಕೆ ಬಿದ್ದಾಗ ರಿಮ್ಮನ್ನು ಕಾಯುವುದು ಆ ರಬ್ಬರ್ ಗೋಡೆಯೇ. ಅದೇ ಟೈರಿಗೆ ಹಗುರವಾದ 14 ಇಂಚಿನ ಅಲಾಯ್ ಸಿಕ್ಕರೆ ಉಳಿಸಿದ್ದೆಲ್ಲ ನಿಮಗೇ ಉಳಿಯುತ್ತದೆ. ಒಳ್ಳೆಯ ಹಿಡಿತದ ಟೈರುಗಳು 14 ಇಂಚಿನಲ್ಲಿ ಕಡಿಮೆಯಾಗುತ್ತಿವೆ, ಇದನ್ನು ಒಪ್ಪುತ್ತೇನೆ. ಅದಕ್ಕಾಗಿ 15 ಇಂಚಿಗೆ ಹೋಗಲೇಬೇಕು ಎನ್ನುವುದಾದರೆ 195ರ ಬದಲು 185/55 ನೋಡಿ. ಅದರ ವ್ಯಾಸ 584.5 ಮಿ.ಮೀ. ಈಗಿನದಕ್ಕೆ ಬಹುತೇಕ ಸಮ. ಸ್ಪೀಡೋಮೀಟರ್ ಕೆಡುವುದಿಲ್ಲ, ತೂಕವೂ ಅಷ್ಟು ಏರುವುದಿಲ್ಲ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. 15 ಲೀಟರ್ ನೀರು ತುಂಬಿದ ಕ್ಯಾನನ್ನು ಡಿಕ್ಕಿಯಲ್ಲಿ ಇಟ್ಟು ನಿಮಗೆ ಗೊತ್ತಿರುವ ರಸ್ತೆಯಲ್ಲಿ ಓಡಿಸಿ. ಆಮೇಲೆ ಕ್ಯಾನ್ ಇಳಿಸಿ ಓಡಿಸಿ. ಎಳೆತದಲ್ಲಿ ನಿಮಗೆ ಕಾಣುವ ವ್ಯತ್ಯಾಸ ಎಷ್ಟೋ, ಅದೇ ಟೈರಿಟ್ಟು ಹಗುರ ರಿಮ್ ಹಾಕಿದರೆ ಎಳೆತದಲ್ಲಿ ಸಿಗುವುದೂ ಅಷ್ಟೇ. ಅದಕ್ಕಾಗಿ ಕೊಳ್ಳುವುದಿದ್ದರೆ ಬೇಡ. ಶಾಕ್, ಬುಷ್, ಬ್ರೇಕ್, ಟೈರ್ ಎಲ್ಲ ಸರಿ ಇದ್ದು, ಕೈಗೆ, ಬೆನ್ನಿಗೆ, ತಿರುವಿಗೆ ಬೇಕು ಎನ್ನುವುದಾದರೆ ಧೈರ್ಯವಾಗಿ ಕೊಳ್ಳಿ. ಓಡಿಸುವ ಪ್ರತಿ ನಿಮಿಷವೂ ಅದು ನಿಮಗೆ ಗೊತ್ತಾಗುತ್ತದೆ.

ಪ್ರಶ್ನೆ: ಕಾಸ್ಟ್, ಫ್ಲೋ ಫಾರ್ಮ್ಡ್, ಫೋರ್ಜ್ಡ್ ಎಂದು ಮೂರು ಹೇಳುತ್ತಾರೆ. ಮೂರೂ ಅಲ್ಯೂಮಿನಿಯಂ ಅಲ್ವಾ? ತೂಕದಲ್ಲಿ ಯಾಕೆ ಅಷ್ಟು ವ್ಯತ್ಯಾಸ?

ಉತ್ತರ: ಲೋಹ ಹೆಚ್ಚು ಕಡಿಮೆ ಒಂದೇ. ಅದಕ್ಕೆ ರೂಪ ಕೊಡುವ ಬಗೆ ಬೇರೆ. ರೊಟ್ಟಿ ತಟ್ಟುವುದಕ್ಕೂ ದೋಸೆ ಹುಯ್ಯುವುದಕ್ಕೂ ಇರುವ ವ್ಯತ್ಯಾಸ ಎನ್ನಬಹುದು.

ಕಾಸ್ಟ್ ಅಂದರೆ ಕರಗಿಸಿ ಅಚ್ಚಿಗೆ ಹುಯ್ದದ್ದು. ಸಾಮಾನ್ಯವಾಗಿ ಬಳಸುವುದು ಎ356 ಎಂಬ ಮಿಶ್ರಲೋಹ. ಅದರಲ್ಲಿ ನೂರಕ್ಕೆ ಏಳರಷ್ಟು ಸಿಲಿಕಾನ್ ಇರುತ್ತದೆ, ಸ್ವಲ್ಪ ಮೆಗ್ನೀಸಿಯಂ ಇರುತ್ತದೆ. ಸಿಲಿಕಾನ್ ಇದ್ದರೆ ಲೋಹ ಅಚ್ಚಿನ ಮೂಲೆ ಮೂಲೆಗೂ ಚೆನ್ನಾಗಿ ಹರಿಯುತ್ತದೆ. ಆದರೆ ತಣಿಯುವಾಗ ಒಳಗೆ ಕಣ್ಣಿಗೆ ಕಾಣದ ಸಣ್ಣ ಗುಳ್ಳೆಗಳು ಉಳಿಯಬಹುದು. ಆ ಭಯಕ್ಕೆ ತಯಾರಕರು ದಪ್ಪ ಇಡುತ್ತಾರೆ. ದಪ್ಪ ಅಂದರೆ ತೂಕ.

ಫ್ಲೋ ಫಾರ್ಮ್ಡ್ ರಿಮ್ಮೂ ಮೊದಲು ಅಚ್ಚಿನಿಂದಲೇ ಬರುತ್ತದೆ. ಆಮೇಲೆ ಅದನ್ನು ಕಾಯಿಸಿ, ತಿರುಗಿಸುತ್ತಾ, ರೋಲರ್‌ಗಳಿಂದ ಒತ್ತಿ ಅದರ ಪೀಪಾಯಿ ಭಾಗವನ್ನು, ಅಂದರೆ ಟೈರ್ ಕೂರುವ ಸುತ್ತನ್ನು, ಎಳೆಯುತ್ತಾರೆ. ಅಲ್ಲಿ ಲೋಹ ಒತ್ತಾಗುತ್ತದೆ, ತೆಳುವಾಗಿಸಬಹುದು. ಮುಂದಿನ ಮುಖ, ಕಡ್ಡಿಗಳು ಮಾತ್ರ ಕಾಸ್ಟ್ ಆಗಿಯೇ ಉಳಿಯುತ್ತವೆ. ತೂಕ ಇಳಿಯುವುದು ಪೀಪಾಯಿಯಲ್ಲಿ, ಅಂದರೆ ಕೇಂದ್ರದಿಂದ ದೂರದಲ್ಲಿ. ಇಳಿಯಬೇಕಾದ ಜಾಗವೂ ಅದೇ. ಪ್ರಾಜೆಕ್ಟ್ ಕಾರಿಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ.

ಫೋರ್ಜ್ಡ್ ಅಂದರೆ 6061ರಂಥ ಮಿಶ್ರಲೋಹದ ಘನ ತುಂಡನ್ನು ಸಾವಿರಾರು ಟನ್ ಬಲದ ಪ್ರೆಸ್ಸಿನಲ್ಲಿ ಒತ್ತಿ, ಆಮೇಲೆ ಕೊರೆದದ್ದು. ಕರಗಿಸಿ ಹುಯ್ಯುವುದಿಲ್ಲವಾದ್ದರಿಂದ ಗುಳ್ಳೆಯ ಭಯವಿಲ್ಲ. ಕಮ್ಮಾರ ಕಬ್ಬಿಣ ಬಡಿಯುವಾಗ ಎಳೆ ಕೂಡಿ ಬರುವಂತೆ ಇಲ್ಲೂ ಲೋಹದ ಎಳೆ ಆಕಾರದ ಜೊತೆ ಹರಿಯುತ್ತದೆ. ಜೋರಾಗಿ ಬಿದ್ದರೆ ಫೋರ್ಜ್ಡ್ ಬಾಗುತ್ತದೆ, ಕಾಸ್ಟ್ ಬಿರುಕು ಬಿಡುವುದೇ ಜಾಸ್ತಿ. ಬಾಗಿದ್ದು ನಡುಕ ಕೊಟ್ಟು ಮೊದಲೇ ಎಚ್ಚರಿಸುತ್ತದೆ.

ಫೋರ್ಜ್ಡ್ ಎಂದ ಮಾತ್ರಕ್ಕೆ ಹಗುರ ಎಂದುಕೊಳ್ಳಬೇಡಿ. ಜಪಾನಿನ ರೇಯ್ಸ್ ಕಂಪನಿಯ ವೋಕ್ ರೇಸಿಂಗ್ ಟಿಇ37 ಎಂಬ ಆರು ಕಡ್ಡಿಯ ರಿಮ್ 1996ರಲ್ಲಿ ಬಂತು. 15 ಇಂಚು ವ್ಯಾಸ, 6ಜೆ ಅಂದರೆ ಆರು ಇಂಚು ಅಗಲದ ಅಳತೆಯಲ್ಲಿ ಅದರ ತೂಕ 3.7 ಕೆ.ಜಿ. ಹೆಸರಿನ 37 ಬಂದದ್ದೇ ಅಲ್ಲಿಂದ. ಅದೇ ಹೆಸರಿನ 17, 18 ಇಂಚಿನ ರಿಮ್ ಅದಕ್ಕಿಂತ ಬಹಳ ಜಾಸ್ತಿ ತೂಗುತ್ತದೆ. ಹೆಸರು ಕೇಳಬೇಡಿ, ನಿಮಗೆ ಬೇಕಾದ ಅಳತೆ ಹೇಳಿ ಅದರ ತೂಕ ಕೇಳಿ.

ಈ ಹಂಬಲ ಹೊಸದೇನಲ್ಲ. 1924ರಲ್ಲಿ ಫ್ರಾನ್ಸಿನ ಲಿಯೋನ್ ಗ್ರ್ಯಾನ್ ಪ್ರಿಯಲ್ಲಿ ಬುಗಾಟಿ ಟೈಪ್ 35 ಮೊದಲ ಸಲ ಓಡಿದಾಗ ಅದರ ಚಕ್ರ ಎರಕದ ಅಲ್ಯೂಮಿನಿಯಂನದು. ಎಂಟು ಅಗಲ ಕಡ್ಡಿ, ಬ್ರೇಕ್ ಡ್ರಮ್ ಚಕ್ರದಲ್ಲೇ ಸೇರಿದೆ. ಚಕ್ರ ಬಿಚ್ಚಿದರೆ ಡ್ರಮ್ಮೂ ಜೊತೆಗೆ ಬರುತ್ತದೆ, ಬ್ರೇಕ್ ಶೂ ಕಣ್ಣೆದುರಿಗೇ ಕಾಣುತ್ತದೆ. ನೂರು ವರ್ಷದ ಹಿಂದಿನ ಆ ಯೋಚನೆ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ಹಗುರ ಅಲಾಯ್ ಹಾಕಿದರೆ ಮೈಲೇಜ್ ಎಷ್ಟು ಜಾಸ್ತಿಯಾಗುತ್ತದೆ?

ಉತ್ತರ: ನಿಮ್ಮ ಕಣ್ಣಿಗೆ ಕಾಣುವಷ್ಟು ಆಗುವುದಿಲ್ಲ. ಒಂದೇ ವೇಗದಲ್ಲಿ ಹೋಗುವಾಗ ತಿರುಗುವ ತೂಕಕ್ಕೆ ಹೊಸ ಶಕ್ತಿ ಬೇಡ. ನಿಂತು ಹೊರಡುವಾಗ ಮಾತ್ರ ಸ್ವಲ್ಪ ಉಳಿತಾಯ. ಟೈರಿನ ಗಾಳಿ ಸರಿಯಾಗಿ ಇಟ್ಟುಕೊಳ್ಳಿ, ಅದು ಜಾಸ್ತಿ ಕೊಡುತ್ತದೆ.

ಪ್ರಶ್ನೆ: ಹಳೆಯ ಫೋರ್ಜ್ಡ್ ರಿಮ್ ಒಂದು ಜೊತೆ ಸಿಗುತ್ತಿದೆ. ಬಳಸಿದ್ದು. ಹೊಸದಾಗಿ ಬಣ್ಣ ಹಾಕಿಸಿದ್ದಾರೆ, ನೋಡಲು ಬಹಳ ಚೆನ್ನಾಗಿವೆ. ಏನೇನು ನೋಡಬೇಕು?

ಉತ್ತರ: ಆ ಹೊಸ ಬಣ್ಣವೇ ನನಗೆ ಮೊದಲ ಚಿಂತೆ. ಬಣ್ಣದ ಅಡಿಯಲ್ಲಿ ಬಿರುಕು ಅಡಗುತ್ತದೆ. ಇನ್ನೊಂದು ಮಾತು. ಅಲಾಯ್ ರಿಮ್ಮಿಗೆ ಗಟ್ಟಿತನ ಬರುವುದು ಟಿ6 ಎಂಬ ಹದದಿಂದ. ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದವಾಗಿ ಕಾಯಿಸುತ್ತಾರೆ. ಪೌಡರ್ ಕೋಟಿಂಗ್ ಎಂದು ಅದನ್ನು ಮತ್ತೆ ಓವನ್ನಿನಲ್ಲಿ ಅತಿಯಾಗಿ, ಬಹಳ ಹೊತ್ತು ಕಾಯಿಸಿದರೆ ಆ ಹದ ಕೆಡುತ್ತದೆ. ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಇಟ್ಟಿದ್ದರು ಎಂದು ಮಾರುವವರನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ನಾನಂತೂ ಕೊಳ್ಳುವುದಿಲ್ಲ.

ರಿಮ್ಮನ್ನು ಬೋರಲು ಹಾಕಿ. ಚಂದ ಇರುವುದು ಮುಂದೆ, ನಿಜ ಇರುವುದು ಹಿಂದೆ. ಒಳ ಅಂಚಿನ ಸುತ್ತ ಉಗುರು ಆಡಿಸಿ. ಕಡ್ಡಿ ಪೀಪಾಯಿಗೆ ಸೇರುವ ಜಾಗ, ಬೋಲ್ಟಿನ ತೂತುಗಳ ನಡುವಿನ ಜಾಗ, ಈ ಎರಡನ್ನು ಟಾರ್ಚ್ ಹಿಡಿದು ನಿಧಾನವಾಗಿ ನೋಡಿ. ಆಮೇಲೆ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಿಸಿ ಟೈರ್ ಇಲ್ಲದೆ ತಿರುಗಿಸಿ. ಅಂಚು ಮೇಲೆ ಕೆಳಗೆ ಅಥವಾ ಅಕ್ಕಪಕ್ಕ ಓಲಾಡಿದರೆ ಬಾಗಿದೆ ಎಂದೇ ಅರ್ಥ.

ಹಿಂದೆ ಅಚ್ಚಾಗಿರುವ ಅಕ್ಷರಗಳನ್ನು ಫೋಟೋ ತೆಗೆದುಕೊಳ್ಳಿ. ಅಗಲ, ಆಫ್‌ಸೆಟ್ ಎರಡೂ ಅಲ್ಲಿರುತ್ತವೆ. 15×6.5ಜೆ ಇಟಿ38 ಎಂದಿದ್ದರೆ 15 ಇಂಚು ವ್ಯಾಸ, ಆರೂವರೆ ಇಂಚು ಅಗಲ, 38 ಮಿ.ಮೀ. ಆಫ್‌ಸೆಟ್. ಮ್ಯಾಕ್ಸ್ ಲೋಡ್ ಎಂಬ ಅಂಕಿ ಇದ್ದರೆ ಬಹಳ ಒಳ್ಳೆಯದು. ನಿಮ್ಮ ಕಾರಿನ ಹೆಚ್ಚು ಭಾರ ಹೊರುವ ಆಕ್ಸಲ್‌ನ ಗರಿಷ್ಠ ತೂಕದ ಅರ್ಧಕ್ಕಿಂತ ಅದು ಜಾಸ್ತಿ ಇರಲೇಬೇಕು. ಬಹಳ ಹಗುರವಾದ ಕೆಲವು ರಿಮ್‌ಗಳು ಸಣ್ಣ ಕಾರಿಗೆಂದೇ ಮಾಡಿದವು, ದೊಡ್ಡ ಕಾರಿನ ತೂಕ ತಡೆಯುವುದಿಲ್ಲ. ಜೆಡಬ್ಲ್ಯುಎಲ್ ಗುರುತು ಜಪಾನಿನ ಮಾನದಂಡದ್ದು. ಅದನ್ನು ತಯಾರಕರೇ ಹಾಕಿಕೊಳ್ಳುತ್ತಾರೆ. ಪಕ್ಕದಲ್ಲಿ ವಿಐಎ ಎಂದೂ ಇದ್ದರೆ ಬೇರೆಯವರೂ ಪರೀಕ್ಷಿಸಿದ್ದಾರೆ ಎಂದರ್ಥ. ನಕಲಿ ರಿಮ್ಮಿನಲ್ಲೂ ಅಕ್ಷರ ಒತ್ತಬಹುದು, ಹಾಗಾಗಿ ತೂಕ ಮಾಡಿಯೇ ನಂಬಿ. ತೂಗುವ ಕೊಕ್ಕೆ ಇಲ್ಲದಿದ್ದರೆ ಮನೆಯ ತೂಕದ ಯಂತ್ರದ ಮೇಲೆ ರಿಮ್ ಹಿಡಿದು ನಿಲ್ಲಿ, ಆಮೇಲೆ ಬರಿಗೈಯಲ್ಲಿ ನಿಲ್ಲಿ, ಕಳೆಯಿರಿ. ತಯಾರಕರು ಹೇಳಿದ ತೂಕಕ್ಕಿಂತ ಒಂದೂವರೆ, ಎರಡು ಕೆ.ಜಿ. ಜಾಸ್ತಿ ಬಂದರೆ ಅದು ಫೋರ್ಜ್ಡ್ ಅಲ್ಲ, ನಕಲು.

ಪ್ರಶ್ನೆ: ರಿಮ್ಮಿನ ಒಳ ಅಂಚಿನಲ್ಲಿ ಎರಡು ಇಂಚು ಬಿರುಕು ಬಂದಿದೆ. ವೆಲ್ಡ್ ಮಾಡಿಸಿದರೆ ಸಾಲದೇ?

ಉತ್ತರ: ದಯವಿಟ್ಟು ಬೇಡ. ವೆಲ್ಡಿಂಗ್ ಬಿಸಿಯಿಂದ ಬಿರುಕಿನ ಅಕ್ಕಪಕ್ಕದ ಲೋಹ ಮೆದುವಾಗುತ್ತದೆ. ಮುಂದಿನ ಬಿರುಕು ಆ ಪಕ್ಕದಲ್ಲೇ ಏಳುತ್ತದೆ. ಗಾಳಿ ನಿಲ್ಲುತ್ತದೆ, ನಿಜ. ಆದರೆ ವೇಗದಲ್ಲಿ ಹೋಗುವಾಗ ಆ ಚಕ್ರ ನಿಮ್ಮನ್ನೂ ಪಕ್ಕದಲ್ಲಿ ಕೂತವರನ್ನೂ ಹೊತ್ತಿರುತ್ತದೆ. ಇವತ್ತೇ ಬಿಚ್ಚಿಡಿ. ಒಂದು ಸ್ಟೀಲ್ ರಿಮ್ ಹಾಕಿಕೊಂಡಾದರೂ ಓಡಿಸಿ.

ಪ್ರಶ್ನೆ: ಹಗುರ ಅಲಾಯ್ ಹಾಕಿಸಿದ ದಿನದಿಂದ 80ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತಿದೆ. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ. ರಿಮ್ಮೇ ಕೆಟ್ಟದ್ದೇ?

ಉತ್ತರ: ಇದೇ ನಡುಕ ನನ್ನನ್ನೂ ಒಂದು ತಿಂಗಳು ಕಾಡಿತ್ತು. ಎರಡು ಕಡೆ ಬ್ಯಾಲೆನ್ಸಿಂಗ್ ಮಾಡಿಸಿದೆ, ಟೈರ್ ಬದಲಾಯಿಸಿದೆ. ಕೊನೆಗೆ ಒಂದು ರಾತ್ರಿ ಚಕ್ರ ಬಿಚ್ಚಿ ಹಬ್ಬಿನ ಮುಂದೆ ಕೂತೆ. ಹಬ್ಬಿನ ನಡುವಿನ ಉಬ್ಬು 54.1 ಮಿ.ಮೀ., ರಿಮ್ಮಿನ ನಡುವಿನ ತೂತು 73.1 ಮಿ.ಮೀ. ಹೊರಗಿನ ತಯಾರಕರು ಒಂದೇ ರಿಮ್ ಬೇರೆ ಬೇರೆ ಕಾರಿಗೆ ಕೂರಲಿ ಎಂದು ತೂತನ್ನು ದೊಡ್ಡದಾಗಿ ಇಡುತ್ತಾರೆ. ನಡುವಿನ ಜಾಗ ತುಂಬಲು ಒಂದು ಬಳೆ ಬೇಕು. ಹಾಕಿದವರು ಆ ಬಳೆ ಹಾಕಿರಲಿಲ್ಲ. ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂತಿತ್ತು. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಸರಿಯಾಗಿ ನಡುವಿಗೆ ಕೂರುತ್ತದೆ, ಹಾಗಾಗಿ ಅಲ್ಲಿ ತಪ್ಪು ಕಾಣುವುದಿಲ್ಲ. ನಾಲ್ಕು ಬಳೆ ತಂದು ಹಾಕಿದೆ, ನಡುಕ ಹೋಯಿತು.

ನೀವೂ ಮೊದಲು ಅದನ್ನೇ ನೋಡಿ. ಜೊತೆಗೆ ನಟ್ಟಿನ ತಳ ನೋಡಿ. ಕೆಲವು ರಿಮ್ಮಿಗೆ ಕೋನಾಕಾರದ ತಳ ಬೇಕು, ಕೆಲವಕ್ಕೆ ಗೋಳಾಕಾರದ್ದು. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಬಿಗಿಯಾದಂತೆ ಕಾಣುತ್ತದೆ, ಆದರೆ ಹಿಡಿದಿರುವುದು ಒಂದು ಗೆರೆಯಷ್ಟು ಜಾಗ ಮಾತ್ರ. ಇದು ನಡುಕಕ್ಕಿಂತ ದೊಡ್ಡ ಅಪಾಯ. ಚಕ್ರ ಮೇಲೆತ್ತಿರುವಾಗಲೇ ನಟ್ಟುಗಳನ್ನು ಎದುರು ಬದುರಾಗಿ ಕೂರಿಸಿ. ಕೆಳಗಿಳಿಸಿದ ಮೇಲೆ ಟಾರ್ಕ್ ರೆಂಚಿನಿಂದ ಕಾರಿನ ಕೈಪಿಡಿಯಲ್ಲಿರುವಷ್ಟೇ ಬಿಗಿ ಮಾಡಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ. ಹೊಸ ಅಲಾಯ್ ಸ್ವಲ್ಪ ಕೂರುತ್ತದೆ, ನಟ್ಟು ಸಡಿಲವಾಗುತ್ತದೆ.

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಕಾರನ್ನು ಮತ್ತೆ ರಸ್ತೆಗೆ ತರುತ್ತಿದ್ದೇನೆ. ಅದರ ಸ್ಟೀಲ್ ರಿಮ್, ಗುಂಡು ಕ್ಯಾಪ್ ಎಲ್ಲ ಹಾಗೇ ಇವೆ. ತಮ್ಮ ಹಗುರ ಅಲಾಯ್ ಹಾಕು ಎಂದು ಹಟ ಹಿಡಿದಿದ್ದಾನೆ. ನನಗೆ ಮನಸ್ಸಿಲ್ಲ. ಸ್ಟೀಲ್ ಉಳಿಸಿಕೊಂಡರೆ ಕಾರಿಗೆ ಏನಾದರೂ ನಷ್ಟವೇ?

ಉತ್ತರ: ಏನೂ ನಷ್ಟವಿಲ್ಲ. ಆ ಕಾರಿನ ಸ್ಪ್ರಿಂಗು, ಶಾಕ್ ಎಲ್ಲ ಆ ಚಕ್ರದ ತೂಕಕ್ಕೇ ಹೊಂದಿಸಿದ್ದು. ನಿಮ್ಮ ಮನಸ್ಸು ಸರಿಯಾಗಿಯೇ ಹೇಳುತ್ತಿದೆ. ಉಳಿಸಿಕೊಳ್ಳಿ.

ಸ್ಟೀಲಿಗೆ ಒಂದೇ ವೈರಿ, ತುಕ್ಕು. ಟೈರ್ ಬಿಚ್ಚಿಸಿ, ಟೈರ್ ಕೂರುವ ಅಂಚನ್ನು ಉಜ್ಜಿ ನೋಡಿ. ಮೇಲುಮೇಲಿನ ತುಕ್ಕಾದರೆ ತೆಗೆದು, ಪ್ರೈಮರ್ ಕೊಟ್ಟು, ಬಣ್ಣ ಹಾಕಿ. ಉಗುರು ಇಳಿಯುವಷ್ಟು ಗುಳಿ ಬಿದ್ದಿದ್ದರೆ ಆ ರಿಮ್ ಬೇಡ. ಬೋಲ್ಟಿನ ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗಿದ್ದರೂ ಬೇಡ. ಹಬ್ಬಿಗೆ ಅಂಟಿ ಕೂರುವ ಹಿಂದಿನ ಮುಖಕ್ಕೆ ದಪ್ಪ ಬಣ್ಣ ಬಳಿಯಬೇಡಿ. ಬಣ್ಣ ಒತ್ತಿ ತೆಳುವಾದಾಗ ನಟ್ಟು ಸಡಿಲವಾಗುತ್ತದೆ. ಸ್ವಲ್ಪ ಬಾಗಿದ ಸ್ಟೀಲ್ ಅಂಚನ್ನು ತಿಳಿದವರು ತಟ್ಟಿ ಸರಿ ಮಾಡುತ್ತಾರೆ, ಅಲಾಯ್‌ಗೆ ಆ ಭಾಗ್ಯ ಇಲ್ಲ.

ತಮ್ಮನಿಗೂ ಬೇಜಾರಾಗುವುದು ಬೇಡ. ಅವನ ಉತ್ಸಾಹವನ್ನು ಟೈರಿನ ಕಡೆ ತಿರುಗಿಸಿ. ಅಪ್ಪ ಓಡಿಸುತ್ತಿದ್ದ ಅಳತೆಯಲ್ಲೇ ಹೊಸ ಟೈರ್ ಹುಡುಕಲಿ. ಎರಡು ಮೂರು ಕಂಪನಿಯ ಟೈರುಗಳ ತೂಕ ಕೇಳಲಿ. ಒಂದೇ ಅಳತೆಯಲ್ಲಿ ಒಂದು ಕೆ.ಜಿ. ವ್ಯತ್ಯಾಸ ಸಿಗುವುದು ಅಪರೂಪವೇನಲ್ಲ, ಮತ್ತು ಆ ಒಂದು ಕೆ.ಜಿ. ಇರುವುದು ಅಂಚಿನಲ್ಲಿ. ಸ್ಟೆಪ್ನಿ ಟೈರಿನ ಬದಿಯಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಯನ್ನೂ ಅವನೇ ಓದಲಿ. ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಅದನ್ನು ನೆನಪಿಗೆ ಇಟ್ಟುಕೊಳ್ಳಿ, ರಸ್ತೆಗೆ ಇಳಿಸಬೇಡಿ.